ಮಾಡಿಸಿದವರು ಮತ್ತು ಮಾಡಿದವರು

(ಬಸದಿಯ ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಸುಮಾರು 58 ಅಡಿ ಎತ್ತರದ ಗೊಮ್ಮಟಮೂರ್ತಿ ನಿಂತು ಒಂದು ಸಾವಿರ ವರ್ಷಗಳು ಮೀರಿದವು. ಆ ಮಹಾಮೂರ್ತಿಯ ಪಾದಗಳ ಇಕ್ಕೆಲದಲ್ಲಿ ಕೊರೆದಿರುವ ಕಿರುಶಾಸನಗಳನ್ನು ಅಲ್ಲಿಗೆ ಹೋದವರೆಲ್ಲ ಕಂಡಿರುತ್ತಾರೆ. ಮೂರ್ತಿಯನ್ನು ಚಾವುಂಡರಾಯನು ಮಾಡಿಸಿದನೆಂದು ಅವು ಸಾರುತ್ತವೆ. ಕನ್ನಡ ಶಾಸನದಲ್ಲಿರುವ ಕ್ರಿಯಾಪದ 'ಮಾಡಿಸಿದಂ' ಎಂಬುದು. ವ್ಯಾಕರಣ ಬಲ್ಲವರು ಇದನ್ನು ಪ್ರೇರಣಾರ್ಥಕ ಎನ್ನುತ್ತಾರೆ. ಒಬ್ಬನು ಮಾಡಿಸಿದನೆಂದರೆ ಮಾಡಿದವನು ಇನ್ನೊಬ್ಬನು ಇದ್ದೇ ಇರಬೇಕು. ಆ ಇನ್ನೊಬ್ಬನ ಹೆಸರನ್ನು ಮೂರ್ತಿಯ ಪಾದದ ಶಾಸನಗಳು ಹೇಳುವುದಿಲ್ಲ. 'ಮಾಡಿಸಿದಂ' ಎಂಬ ಒಂದು ಪದದ ಒಡಲಲ್ಲಿಯೇ ಅವನು ಅಡಗಿದ್ದಾನೆ.

ಪ್ರತಿಷ್ಠೆಯ ಈ ಶುಭ ಸಂದರ್ಭದಲ್ಲಿ ದಾನಿಗಳ ಸ್ಮರಣೆ ನಡೆಯುತ್ತದೆ. ಅದು ಯುಕ್ತವೂ ಹೌದು. ಪ್ರತಿಷ್ಠಾಚಾರ್ಯರಿಗೆ ಗೌರವ ಸಲ್ಲುತ್ತದೆ, ಅದು ವಿಧಿ. ಆದರೆ ಬಿಂಬವನ್ನು ಕಡೆದ ಶಿಲ್ಪಿಯ ಬದುಕು ಹೇಗೆ ನಡೆಯುತ್ತದೆ, ಅವನು ಕೆಲಸವನ್ನು ಹೇಗೆ ಒಪ್ಪಿಕೊಳ್ಳುತ್ತಾನೆ, ಎರಡು ದೊಡ್ಡ ಕೆಲಸಗಳ ನಡುವಿನ ತಿಂಗಳುಗಳಲ್ಲಿ ಅವನ ಮನೆಯ ಒಲೆ ಹೇಗೆ ಉರಿಯುತ್ತದೆ ಎಂಬ ವಿಚಾರ ಬಸದಿಯ ಸಭೆಗಳಲ್ಲಿ ಬರುವುದು ಅಪರೂಪ. ಆ ವಿಚಾರವೇ ಈ ಉಪನ್ಯಾಸದ ವಸ್ತು.

ಶಿಲ್ಪವು ಧರ್ಮಕ್ಕೆ ಹೊರಗಿನ ಕಸುಬಲ್ಲ. ಕಲ್ಪವೃಕ್ಷಗಳು ಕ್ಷೀಣಿಸಿ ಪ್ರಜೆಗಳು ದಿಕ್ಕುಗಾಣದೆ ನಿಂತಾಗ ಆದಿತೀರ್ಥಂಕರರಾದ ವೃಷಭದೇವರು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಉಪದೇಶಿಸಿದರೆಂದು ಆದಿಪುರಾಣ ಪರಂಪರೆ ಹೇಳುತ್ತದೆ. ವಾಣಿಜ್ಯವನ್ನು ಹಿಡಿದ ಮನೆತನಗಳೂ ಕೃಷಿಯನ್ನು ಹಿಡಿದ ಮನೆತನಗಳೂ ಸಮಾಜದಲ್ಲಿ ಬಹಳ ಇವೆ. ಆರನೆಯ ಕರ್ಮವಾದ ಶಿಲ್ಪವನ್ನು ಹಿಡಿದವರು ಬಹುಪಾಲು ಅನ್ಯ ಸಮುದಾಯದವರು. ವಿಶೇಷವಾಗಿ ವಿಶ್ವಕರ್ಮ ಕುಲದವರು. ಅವರ ಕೈಯಿಲ್ಲದೆ ಜಿನಬಿಂಬವಿಲ್ಲ, ಮಾನಸ್ತಂಭವಿಲ್ಲ, ಬಸದಿಯ ಹೊಸ್ತಿಲೂ ಇಲ್ಲ.

ಬಿಂಬದ ಕೆಲಸ ಕಲ್ಲಿನ ಆಯ್ಕೆಯಿಂದ ಮೊದಲಾಗುತ್ತದೆ. ಕಾರ್ಕಳ ಮೂಡುಬಿದಿರೆಗಳ ಕಡೆ ನೆಲ್ಲಿಕಾರಿನ ಕಲ್ಲು ಶಿಲ್ಪಿಗಳಿಗೆ ಬಹಳ ಪರಿಚಿತ. ಮೈಸೂರಿನ ಕಡೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೃಷ್ಣಶಿಲೆಗೆ ಹೆಸರುಂಟು. ಶಿಲ್ಪಿ ಕಲ್ಲನ್ನು ಸುತ್ತಿಗೆಯಿಂದ ತಟ್ಟಿ ನಾದವನ್ನು ಕೇಳುತ್ತಾನೆ. ಗಂಟೆಯಂತೆ ತುಂಬಿದ ಸ್ವರ ಬಂದರೆ ಒಡಲು ಗಟ್ಟಿ; ಒಡೆದ ಮಡಕೆಯ ಸದ್ದು ಬಂದರೆ ಒಳಗೆ ದೋಷವಿದೆ. ಆ ಮೇಲೆ ಕಲ್ಲಿಗೆ ನೀರು ಸುರಿದು ಆರಲು ಬಿಡುತ್ತಾನೆ. ಮೇಲ್ಮೈಯೆಲ್ಲ ಒಣಗಿದರೂ ಒಂದು ಗೆರೆ ಮಾತ್ರ ತೇವವಾಗಿ ಉಳಿದರೆ ಅಲ್ಲಿ ಕೂದಲೆಳೆಯ ಬಿರುಕು ಇದೆಯೆಂದು ತಿಳಿಯುತ್ತಾನೆ. ಇಷ್ಟೆಲ್ಲ ಪರೀಕ್ಷೆಯಾದ ಮೇಲೂ ಕಲ್ಲಿನ ಅಂತರಂಗ ಪೂರ್ತಿಯಾಗಿ ತಿಳಿಯುವುದಿಲ್ಲ. ಅದು ತಿಳಿಯುವುದು ಉಳಿ ಒಳಕ್ಕೆ ಇಳಿದಾಗಲೇ.

ಇಲ್ಲಿ ಜಿನಬಿಂಬಕ್ಕೆ ವಿಶಿಷ್ಟವಾದ ಒಂದು ಕಷ್ಟವನ್ನು ಗಮನಿಸಬೇಕು. ಇತರ ದೇವತಾಮೂರ್ತಿಗಳಿಗೆ ಕಿರೀಟ, ಹಾರ, ಕೇಯೂರ, ಆಯುಧ, ವಸ್ತ್ರದ ನೆರಿಗೆ ಎಲ್ಲವೂ ಉಂಟು. ಕಲ್ಲಿನಲ್ಲಿ ಸಣ್ಣ ಕಲೆಯೊಂದು ಕಂಡರೆ ಜಾಣ ಶಿಲ್ಪಿ ಅದನ್ನು ಹಾರದ ಎಸಳಿನಲ್ಲಿ ಮರೆಮಾಡಬಲ್ಲನು. ದಿಗಂಬರ ಜಿನಬಿಂಬದಲ್ಲಿ ಮರೆಮಾಡಲು ಸ್ಥಳವೇ ಇಲ್ಲ. ಬರಿಯ ಮೈ, ಜೋತುಬಿದ್ದ ತೋಳು, ಅರೆಮುಚ್ಚಿದ ಕಣ್ಣು, ನಾಸಾಗ್ರದಲ್ಲಿ ನೆಟ್ಟ ದೃಷ್ಟಿ, ಅಷ್ಟೆ. ನೋಡುವವರಿಗೆ ಇದು ಸರಳವಾದ ಕೆಲಸವೆನಿಸುತ್ತದೆ. ಕಡೆಯುವವನಿಗೆ ಇದಕ್ಕಿಂತ ಕಠಿಣವಾದುದು ಇನ್ನೊಂದಿಲ್ಲ.

ಅಳತೆಯ ಕಟ್ಟುಪಾಡೂ ಬಿಗಿಯಾದುದು. ಕಾಯೋತ್ಸರ್ಗದಲ್ಲಿ ನಿಂತ ಬಿಂಬವನ್ನು 108 ಭಾಗಗಳಾಗಿ ಎಣಿಸಿ, ಮುಖಕ್ಕೆ 12 ಭಾಗಗಳನ್ನು ಕೊಡುವುದು ಪ್ರತಿಷ್ಠಾಶಾಸ್ತ್ರದ ಒಂದು ಪ್ರಸಿದ್ಧ ಕ್ರಮ. ಎಂದರೆ 3 ಅಡಿಯ ಬಿಂಬದಲ್ಲಿ ಮುಖ 4 ಇಂಚು ಮಾತ್ರ. ಆ ನಾಲ್ಕು ಇಂಚಿನೊಳಗೆ ವೀತರಾಗತ್ವವನ್ನು ತೋರಿಸಬೇಕು. ತುಟಿಯ ಕೊನೆ ಒಂದು ನೂಲಿನಷ್ಟು ಮೇಲಕ್ಕೆ ಹೋದರೆ ಅದು ನಗೆಯಾಗುತ್ತದೆ. ಒಂದು ನೂಲು ಕೆಳಕ್ಕೆ ಬಂದರೆ ಖೇದವಾಗುತ್ತದೆ. ರಾಗವೂ ಇಲ್ಲ, ದ್ವೇಷವೂ ಇಲ್ಲ ಎಂಬ ತತ್ತ್ವವನ್ನು ಪಂಡಿತರು ಗ್ರಂಥದಲ್ಲಿ ಬರೆದರೆ ಶಿಲ್ಪಿ ಅದನ್ನು ಉಳಿಯ ಮೊನೆಯಲ್ಲಿ ಹಿಡಿದು ನಿಲ್ಲಿಸಬೇಕು. ಆದುದರಿಂದಲೇ ಕಾರ್ಯಾಗಾರದಲ್ಲಿ ಪೀಠದ ಪದ್ಮದಳವನ್ನು ಕಲಿಯುವ ಹುಡುಗನು ಕಡೆಯಬಹುದು, ಕೈಕಾಲುಗಳನ್ನು ನುರಿತ ಸಹಾಯಕನು ಕಡೆಯಬಹುದು. ಮುಖವನ್ನು ಮಾತ್ರ ಹಿರಿಯ ಶಿಲ್ಪಿ ಇನ್ನೊಬ್ಬರ ಕೈಗೆ ಕೊಡುವುದಿಲ್ಲ.

ಇನ್ನು ವ್ಯವಹಾರದ ಮಾತು. ಬಸದಿಯ ಸಮಿತಿಯವರು ಬಂದು ಕೆಲಸ ಹೇಳುತ್ತಾರೆ. ವೀಳ್ಯದೊಡನೆ ಮುಂಗಡ ಕೊಡುತ್ತಾರೆ. ಆ ಮುಂಗಡದಲ್ಲಿ ಕಲ್ಲಿನ ಬೆಲೆ, ಲಾರಿಯ ಬಾಡಿಗೆ, ಕಲ್ಲನ್ನು ಇಳಿಸುವವರ ಕೂಲಿ ಎಲ್ಲ ಹೋಗುತ್ತದೆ. ಒಂದು ಘನ ಅಡಿ ಗ್ರಾನೈಟ್ ಕಲ್ಲು ಸುಮಾರು 75 ಕಿಲೋ ತೂಗುತ್ತದೆ. ಪೀಠಸಹಿತವಾದ ಸಣ್ಣ ಬಿಂಬಕ್ಕೆಂದು 6 ಘನ ಅಡಿಯ ಕಲ್ಲು ತಂದರೂ ಅದು 450 ಕಿಲೋ ಆಯಿತು. ಅನಂತರ ತಿಂಗಳುಗಟ್ಟಲೆ ಸಹಾಯಕರಿಗೆ ವಾರದ ಬಟವಾಡೆ ನಡೆಯಬೇಕು. ಹಿಂದೆ ಪ್ರತಿದಿನವೂ ಉಳಿಗಳನ್ನು ಕುಲುಮೆಯಲ್ಲಿ ಕಾಯಿಸಿ, ಮೊನೆ ತಟ್ಟಿ, ನೀರಿನಲ್ಲಿ ಅದ್ದಿ ಹದ ಕೊಡುವ ಕೆಲಸವೇ ಒಬ್ಬನಿಗೆ ಸಾಕಾಗುತ್ತಿತ್ತು. ಈಗ ಯಂತ್ರದ ಅಲಗುಗಳು ಬಂದಿವೆ. ಅವು ಬೇಗ ಸವೆಯುತ್ತವೆ, ಅವುಗಳಿಗೂ ವಿದ್ಯುತ್ತಿಗೂ ಹಣ ಬೇಕು.

ನಾಲ್ಕು ತಿಂಗಳ ಕೆಲಸವಾದ ಮೇಲೆ ಕಪೋಲದಲ್ಲಿ ಒಂದು ಬಿಳಿಯ ಗೆರೆ ಕಾಣಿಸಿತೆನ್ನಿ. ಜಿನಬಿಂಬವು ಸರ್ವಾಂಗಸುಂದರವಾಗಿಯೂ ನಿರ್ದೋಷವಾಗಿಯೂ ಇರಬೇಕೆಂಬುದು ಶಾಸ್ತ್ರ. ತೇಪೆ ಹಾಕಿದ ಬಿಂಬ ಪೂಜೆಗೆ ಸಲ್ಲದು. ಶಿಲ್ಪಿ ಆ ಕಲ್ಲನ್ನು ಬದಿಗಿಟ್ಟು ಹೊಸ ಕಲ್ಲನ್ನು ತರಬೇಕು. ಇದು ಅವನ ಅಜಾಗರೂಕತೆಯಲ್ಲ, ಭೂಗರ್ಭದ ಸ್ವಭಾವ. ಆದರೂ ನಷ್ಟವೆಲ್ಲ ಬಹುಮಟ್ಟಿಗೆ ಅವನ ತಲೆಯ ಮೇಲೆಯೇ ಬೀಳುತ್ತದೆ. ಹಲವು ಕಾರ್ಯಾಗಾರಗಳ ಹಿತ್ತಿಲಿನಲ್ಲಿ ಅರ್ಧ ಕಡೆದು ಬಿಟ್ಟ ಮೂರ್ತಿಗಳು ಹುಲ್ಲಿನ ನಡುವೆ ಮಲಗಿರುತ್ತವೆ. ಒಂದೊಂದೂ ಒಂದು ಮನೆಯ ಕೆಲವು ತಿಂಗಳ ಅನ್ನವೆಂಬುದನ್ನು ನೋಡುವವರು ನೆನೆಯಬೇಕು.

ದೊಡ್ಡ ಕೆಲಸ ವರ್ಷವಿಡೀ ಬರುವುದಿಲ್ಲ. ಹಾಗಾಗಿ ಶಿಲ್ಪಿಯ ದಿನನಿತ್ಯದ ಬದುಕು ನಡೆಯುವುದು ಸಣ್ಣ ವಸ್ತುಗಳಿಂದ. ಒಂದು ಕಾಲದಲ್ಲಿ ಕಡೆಯುವ ಕಲ್ಲು, ಬೀಸುವ ಕಲ್ಲುಗಳಿಗೆ ಮನೆಮನೆಯಿಂದ ಬೇಡಿಕೆ ಇತ್ತು. ವಿದ್ಯುತ್ ಯಂತ್ರಗಳು ಅಡುಗೆಮನೆಗೆ ಬಂದ ಮೇಲೆ ಅದು ಬಹಳ ಕುಗ್ಗಿತು. ತುಳಸಿಕಟ್ಟೆ, ನಾಗನ ಕಲ್ಲು, ದೀಪಸ್ತಂಭ, ಬಾಗಿಲ ಆನೆಗಳು ಇಂದಿಗೂ ನಡೆಯುತ್ತವೆ. ಬಳಪದ ಕಲ್ಲಿನ ಚಿಕ್ಕ ಬಾಹುಬಲಿ ಮೂರ್ತಿಗಳನ್ನು ಯಾತ್ರಿಕರು ಕೊಳ್ಳುತ್ತಾರೆ. ಈ ಸಣ್ಣ ಮೂರ್ತಿಗಳಲ್ಲಿಯೇ ಕಲಿಯುವವರ ಕೈ ಹದಗೊಳ್ಳುವುದು. ಮಹಾಮಸ್ತಕಾಭಿಷೇಕ ಬಂದರೆ ವ್ಯಾಪಾರ ಚುರುಕಾಗುತ್ತದೆ: ಕಾರ್ಕಳದಲ್ಲಿ 2015, ಶ್ರವಣಬೆಳಗೊಳದಲ್ಲಿ 2018, ಧರ್ಮಸ್ಥಳದಲ್ಲಿ 2019, ವೇಣೂರಿನಲ್ಲಿ 2024 ಅಂತಹ ವರ್ಷಗಳು. ಆದರೆ ಹನ್ನೆರಡು ವರ್ಷಗಳಿಗೊಮ್ಮೆ ಬರುವ ಉತ್ಸವವನ್ನು ನಂಬಿ ಯಾರೂ ಸಂಸಾರ ನಡೆಸಲಾರರು. ಅಚ್ಚಿನಲ್ಲಿ ಎರೆದ ಮೂರ್ತಿಗಳು ಅದೇ ಅಂಗಡಿಸಾಲಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಕೊಳ್ಳುವವನು ಎರಡನ್ನೂ ಕೈಯಲ್ಲಿ ಹಿಡಿದು, "ಅದಕ್ಕಿಲ್ಲದ ಬೆಲೆ ಇದಕ್ಕೇಕೆ?" ಎಂದು ಕೇಳುತ್ತಾನೆ. ಮೂರು ದಿನ ಕುಳಿತು ಕಡೆದವನು ಆ ಪ್ರಶ್ನೆಗೆ ಏನು ಉತ್ತರ ಕೊಡಬೇಕು?

ಚಾವುಂಡರಾಯನನ್ನೂ ಶಿಲ್ಪಿಯನ್ನೂ ಕುರಿತು ಜನರ ಬಾಯಲ್ಲಿ ಒಂದು ಐತಿಹ್ಯವುಂಟು. ಕಡೆದು ಉದುರಿದ ಕಲ್ಲಿನ ಚೂರುಗಳ ತೂಕಕ್ಕೆ ಸಮನಾಗಿ ಬಂಗಾರ ಕೊಡುವುದಾಗಿ ರಾಯನು ಮಾತು ಕೊಟ್ಟನಂತೆ. ಶಿಲ್ಪಿ ಬಂಗಾರವನ್ನು ಮನೆಗೆ ಒಯ್ದನು; ಆದರೆ ಹಿಡಿದ ಕೈ ಬಂಗಾರಕ್ಕೆ ಅಂಟಿಕೊಂಡು ಬಿಡಲೇ ಇಲ್ಲ. ಆಗ ಅವನ ತಾಯಿ, ರಾಯನು ತನ್ನ ತಾಯಿಯ ಸಂತೋಷಕ್ಕಾಗಿ ಬಂಗಾರವನ್ನು ತ್ಯಜಿಸುತ್ತಿದ್ದಾನೆ, ನೀನು ಅದನ್ನೇ ಬಾಚಿಕೊಳ್ಳುತ್ತಿರುವೆ ಎಂದು ತಿಳಿಹೇಳಿದಳು. ಶಿಲ್ಪಿ ಪಶ್ಚಾತ್ತಾಪಪಟ್ಟು, ಪ್ರತಿಫಲದ ಆಸೆ ಬಿಟ್ಟು ಮೂರ್ತಿಯನ್ನು ಪೂರ್ಣಗೊಳಿಸಿದನು.

ಈ ಕಥೆಯನ್ನು ಸಾಮಾನ್ಯವಾಗಿ ಶಿಲ್ಪಿಗೆ ಲೋಭ ಕೂಡದೆಂಬ ನೀತಿಗಾಗಿ ಹೇಳುತ್ತಾರೆ. ಕೆಲವೊಮ್ಮೆ, "ದೇವರ ಕೆಲಸವಲ್ಲವೆ, ಸ್ವಲ್ಪ ಬಿಟ್ಟುಕೊಡಿ" ಎಂದು ಮಜೂರಿ ಇಳಿಸುವುದಕ್ಕೂ ಇಂತಹ ಮಾತುಗಳೇ ಒದಗುತ್ತವೆ. ಆದರೆ ಕಥೆಯ ಮೊದಲ ಭಾಗವನ್ನು ಮರೆಯಬಾರದು. ಶಿಲ್ಪಿ ತ್ಯಾಗ ಮಾಡುವುದಕ್ಕೆ ಮೊದಲೇ ರಾಯನು ಕೊಟ್ಟಿದ್ದನು. ಮಾತು ಕೊಟ್ಟಷ್ಟನ್ನೂ ಕೊಟ್ಟಿದ್ದನು. ಶಿಲ್ಪಿಯ ತ್ಯಾಗ ತನ್ನ ಕೈಯಲ್ಲಿದ್ದುದರ ತ್ಯಾಗ. ಕೈಗೆ ಬಾರದ ಸಂಬಳವನ್ನು ಯಾರೂ ತ್ಯಾಗ ಮಾಡಲಾರರು. ಅದು ಬರಿಯ ನಷ್ಟ. ವಿಂಧ್ಯಗಿರಿಯ ಮೇಲೆ ತ್ಯಾಗದ ಬ್ರಹ್ಮದೇವ ಕಂಬವೆಂದು ಹೆಸರಾದ ಚಾಗದ ಕಂಬವಿದೆ. ಚಾವುಂಡರಾಯನು ದಾನ ನೀಡಿದ ಸ್ಥಳ ಅದೆಂದು ಪ್ರತೀತಿ. ಬೇರೆಯವರಿಂದ ತ್ಯಾಗ ಮಾಡಿಸಿದ್ದಕ್ಕಾಗಿ ಆ ಹೆಸರು ನಿಂತುದಲ್ಲ.

ಕಾಲದ ವಿಷಯವೂ ಹೀಗೆಯೇ. ಧರ್ಮಸ್ಥಳದ 39 ಅಡಿಯ ಬಾಹುಬಲಿ ಮೂರ್ತಿ ಈಚಿನ ಕಾಲದ ಮಹಾಕಾರ್ಯ. ರತ್ನವರ್ಮ ಹೆಗ್ಗಡೆಯವರ ಸಂಕಲ್ಪದಂತೆ ಕಾರ್ಕಳದಲ್ಲಿ ಶಿಲ್ಪಿ ರೆಂಜಾಳ ಗೋಪಾಲ ಶೆಣೈಯವರು 1967ರಲ್ಲಿ ಕೆಲಸವನ್ನು ಆರಂಭಿಸಿದರು. ಮರುವರ್ಷವೇ ಹೆಗ್ಗಡೆಯವರು ದಿವಂಗತರಾದರು. ಅವರ ಸುಪುತ್ರ ವೀರೇಂದ್ರ ಹೆಗ್ಗಡೆಯವರು ತಂದೆಯ ಸಂಕಲ್ಪವನ್ನು ಮುಂದುವರಿಸಿದರು. 1973ರಲ್ಲಿ ಮೂರ್ತಿ ಅನೇಕ ಗಾಲಿಗಳ ವಾಹನದ ಮೇಲೆ ಕಾರ್ಕಳದಿಂದ ಧರ್ಮಸ್ಥಳಕ್ಕೆ ಪಯಣ ಮಾಡಿತು. ಪ್ರತಿಷ್ಠೆ ನಡೆದುದು 1982ರಲ್ಲಿ. ಮೊದಲ ಉಳಿಯ ಪೆಟ್ಟಿಗೂ ಪ್ರತಿಷ್ಠೆಗೂ ನಡುವೆ ಹದಿನೈದು ವರ್ಷಗಳು. ಇಳಿವಯಸ್ಸಿನ ಶಿಲ್ಪಿಯ ಮೇಲೆ ಮಾಡಿಸಿದವರು ವಿಶ್ವಾಸವಿಟ್ಟರು. ಶಿಲ್ಪಿಯೂ ಆ ವಿಶ್ವಾಸವನ್ನು ಉಳಿಸಿಕೊಂಡರು. ಆ ಮೂರ್ತಿಯನ್ನು ಕುರಿತು ಮಾತನಾಡುವವರು ಇಂದಿಗೂ ಹೆಗ್ಗಡೆಯವರ ಹೆಸರಿನೊಡನೆ ಶೆಣೈಯವರ ಹೆಸರನ್ನೂ ಹೇಳುತ್ತಾರೆ. ಇದು ಎಲ್ಲರೂ ಅನುಸರಿಸಬೇಕಾದ ಮೇಲ್ಪಂಕ್ತಿ.

ಇಂದು ಅನೇಕ ಕಡೆ ನಡೆಯುತ್ತಿರುವುದು ಬೇರೆ. ಮೊದಲು ಮುಹೂರ್ತ ನಿಶ್ಚಯವಾಗುತ್ತದೆ, ಆಮಂತ್ರಣ ಪತ್ರಿಕೆಯ ವಿಚಾರ ನಡೆಯುತ್ತದೆ, ಆ ಮೇಲೆ ಶಿಲ್ಪಿಯ ನೆನಪಾಗುತ್ತದೆ.

"ಆಚಾರ್ರೇ, ಮುಹೂರ್ತ ಗೊತ್ತಾಗಿದೆ. ಮಾಘದೊಳಗೆ ಬಿಂಬ ಬಸದಿಗೆ ಬರಲೇಬೇಕು."

"ಮುಹೂರ್ತ ನಿಮಗೆ ಗೊತ್ತಾಗಿದೆ ಧನಿಗಳೇ, ಕಲ್ಲಿಗೆ ಇನ್ನೂ ಗೊತ್ತಾಗಿಲ್ಲ."

ಕರಾವಳಿಯ ಯಾವುದೇ ಕಾರ್ಯಾಗಾರದಲ್ಲಿ ನಡೆಯಬಹುದಾದ ಸಂಭಾಷಣೆ ಇದು. ಶಿಲ್ಪಿ ಒಲ್ಲೆನೆನ್ನಲಾರನು. ಒಲ್ಲೆನೆಂದರೆ ಕೆಲಸ ಇನ್ನೊಬ್ಬನಿಗೆ ಹೋಗುತ್ತದೆ. ಆದುದರಿಂದ ಹಗಲೂ ರಾತ್ರಿ ಕೊರೆಯುವ ಯಂತ್ರವನ್ನು ಓಡಿಸುತ್ತಾನೆ.

ಯಂತ್ರ ಬಂದುದು ತಪ್ಪಲ್ಲ. ಉಳಿಯಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ಒರಟು ಕೆಲಸ ಬಹುಬೇಗ ಮುಗಿಯುತ್ತದೆ. ಆದರೆ ಉಳಿಯ ಪೆಟ್ಟಿಗೆ ಚೂರುಗಳು ಹಾರಿದರೆ ಯಂತ್ರದ ಅಲಗಿಗೆ ಹಿಟ್ಟಿನಂತಹ ಧೂಳು ಏಳುತ್ತದೆ. ಗ್ರಾನೈಟಿನಲ್ಲಿರುವ ಸ್ಫಟಿಕಾಂಶದ ಈ ಸೂಕ್ಷ್ಮ ಧೂಳು ಶ್ವಾಸಕೋಶದ ಆಳಕ್ಕೆ ಹೋಗಿ ಅಲ್ಲಿಯೇ ನೆಲೆಸುತ್ತದೆ. ವರ್ಷಗಳ ಮೇಲೆ ಸಿಲಿಕೋಸಿಸ್ ಎಂಬ ರೋಗವನ್ನು ತರುತ್ತದೆ. ಮೊದಲು ಕೆಮ್ಮು, ಆ ಮೇಲೆ ಏದುಸಿರು, ಕೊನೆಗೆ ಹತ್ತು ಹೆಜ್ಜೆ ನಡೆಯಲೂ ಆಗದ ಸ್ಥಿತಿ. ಕೆಟ್ಟ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಮದ್ದು ಇಲ್ಲ. ಬಾರದಂತೆ ತಡೆಯಬಹುದು ಮಾತ್ರ. ಕೊರೆಯುವಾಗ ನೀರು ಹಾಯಿಸುತ್ತಿರಬೇಕು, ಧೂಳನ್ನು ಹೀರುವ ಯಂತ್ರವಿರಬೇಕು, ಮೂಗುಬಾಯಿಗಳಿಗೆ ಸರಿಯಾದ ಮುಖವಾಡವಿರಬೇಕು. ಮುಖಕ್ಕೆ ಸುತ್ತಿದ ಬಟ್ಟೆ ಈ ಧೂಳನ್ನು ತಡೆಯಲಾರದು. ಇವೆಲ್ಲಕ್ಕೂ ಹಣ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಸಮಯ ಬೇಕು. ಅವಸರದ ಕೆಲಸದಲ್ಲಿ ಮೊದಲು ಬಿಟ್ಟುಹೋಗುವುದು ಈ ಎಚ್ಚರಿಕೆಯೇ.

ಹೆಜ್ಜೆಯಿಡುವಾಗ ಇರುವೆಯನ್ನು ಕಂಡು ಕಾಲನ್ನು ಹಿಂದಕ್ಕೆ ತೆಗೆಯುವ ಸಮಾಜ ಇದು. ಸೂರ್ಯಾಸ್ತದ ಅನಂತರ ಉಣ್ಣದೆ, ನೀರನ್ನು ಸೋಸಿ ಕುಡಿಯುವ ಸಮಾಜ ಇದು. ಅಂತಹ ಸಮಾಜ ಅಹಿಂಸಾಮೂರ್ತಿಯ ಬಿಂಬವನ್ನು ಮಾಡಿಸುವಾಗ ಅದನ್ನು ಕಡೆಯುವವನ ಉಸಿರಿನ ಚಿಂತೆ ಮಾಡಬೇಡವೆ? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಅತಿಭಾರಾರೋಪಣ ಒಂದು, ಅನ್ನಪಾನನಿರೋಧ ಇನ್ನೊಂದು. ಹೊರಲಾರದಷ್ಟು ಹೊರೆ ಹೇರುವುದು ಮೊದಲನೆಯದು. ಆಶ್ರಿತರ ಅನ್ನವನ್ನು ತಡೆಯುವುದು ಎರಡನೆಯದು. ಇವನ್ನು ಎತ್ತು ಕುದುರೆಗಳ ವಿಷಯದಲ್ಲಿ ವಿವರಿಸುವುದು ರೂಢಿ. ಒಂದು ವರ್ಷದ ಕೆಲಸವನ್ನು ನಾಲ್ಕು ತಿಂಗಳಿಗೆ ಕಟ್ಟುವುದು ಅತಿಭಾರವಲ್ಲವೆ? "ಪ್ರತಿಷ್ಠೆಯ ಲೆಕ್ಕ ಮುಗಿಯಲಿ, ನೋಡೋಣ" ಎಂದು ಕೊನೆಯ ಕಂತನ್ನು ಮುಂದೂಡುವುದು ಅನ್ನನಿರೋಧವಲ್ಲವೆ? ಶ್ರಾವಕರು ಆತ್ಮಪರಿಶೀಲನೆ ಮಾಡಿಕೊಳ್ಳಬೇಕಾದ ವಿಷಯ ಇದು.

ಹಳೆಯ ಕಾಲದಲ್ಲಿ ಶಿಲ್ಪಿಯ ಹೆಸರು ಎಲ್ಲೆಡೆಯೂ ಮರೆಯಾಗಿತ್ತೆಂದು ತಿಳಿಯಬಾರದು. ಶ್ರವಣಬೆಳಗೊಳದ ಹೊಯ್ಸಳ ಕಾಲದ ಶಾಸನಗಳಲ್ಲಿಯೇ ಅವನ್ನು ಕೊರೆದ ಗಂಗಾಚಾರಿಯ ಹೆಸರು ರೂವಾರಿಗಳ ಮುಖತಿಲಕನೆಂಬ ಬಿರುದಿನೊಡನೆ ಉಳಿದುಬಂದಿದೆ. ರೂವಾರಿ ಎಂದರೆ ಶಿಲ್ಪಿ. ಎಂತಹ ಸೊಗಸಾದ ಪದ! ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ಮೂರ್ತಿಗಳ ಕೆಳಗೆ ಹೆಸರು ಬಿಟ್ಟಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಮಾಡಿಸಿದವರ ಕೀರ್ತಿ ಇದರಿಂದ ಒಂದಿಷ್ಟೂ ಕುಂದಲಿಲ್ಲ.

ಆದುದರಿಂದ ಬಿಂಬ ಮಾಡಿಸುವ ಸಮಿತಿಗಳು ಕೆಲವು ನಿಯಮಗಳನ್ನು ತಾವೇ ಸ್ವೀಕರಿಸುವುದು ಒಳ್ಳೆಯದು. ಕಲ್ಲು ಒಪ್ಪಿ ಮುಖದ ಕೆಲಸ ಸಾಗಿದ ಮೇಲೆಯೇ ಮುಹೂರ್ತವನ್ನು ನಿಶ್ಚಯಿಸಬೇಕು. ಒಪ್ಪಂದವನ್ನು ಬರಹದಲ್ಲಿ ಮಾಡಿಕೊಂಡು, ಕಲ್ಲಿನ ಒಳದೋಷದಿಂದಾಗುವ ನಷ್ಟದಲ್ಲಿ ಸಮಿತಿಗೂ ಪಾಲಿದೆಯೆಂದು ಅದರಲ್ಲಿ ಬರೆಯಬೇಕು. ಧೂಳಿನಿಂದ ರಕ್ಷಣೆಯ ವೆಚ್ಚವನ್ನು ಬಿಂಬದ ವೆಚ್ಚದೊಳಗೇ ಸೇರಿಸಬೇಕು. ಕೊನೆಯ ಕಂತು ಬಿಂಬ ಕಾರ್ಯಾಗಾರದಿಂದ ಹೊರಡುವ ಮೊದಲೇ ಸಲ್ಲಬೇಕು. ಮನೆಗೆ ಉಡುಗೊರೆ ಕೊಳ್ಳುವಾಗ ಅಚ್ಚಿನ ಮೂರ್ತಿಯ ಬದಲು ಕೈಯಲ್ಲಿ ಕಡೆದುದನ್ನು, ಚೌಕಾಸಿ ಮಾಡದೆ ಕೊಳ್ಳಬೇಕು. ಕಾರ್ಕಳದ ಮಿಯಾರಿನಲ್ಲಿಯೂ ಬಿಡದಿಯ ಬಳಿಯ ಜೋಗರದೊಡ್ಡಿಯಲ್ಲಿಯೂ ತರುಣರಿಗೆ ಶಿಲ್ಪವನ್ನು ಕಲಿಸುವ ತರಬೇತಿ ಸಂಸ್ಥೆಗಳು ನೆಲೆಗೊಂಡಿವೆ. ಅಂತಹ ಕಡೆ ಕಲಿತು ಬಂದವರಿಗೆ ಮೊದಲ ಕೆಲಸ ಕೊಡುವ ಔದಾರ್ಯವನ್ನು ಬಸದಿಗಳು ತೋರಬೇಕು. ಕಡೆಯದಾಗಿ, ದಾನಿಗಳ ಹೆಸರು ಕೊರೆಯುವ ಫಲಕದಲ್ಲಿ ಶಿಲ್ಪಿಗೂ ಒಂದು ಸಾಲು ಸಲ್ಲಬೇಕು. ಆ ಫಲಕವನ್ನು ಕೊರೆಯುವವನೂ ಅವನೇ ಅಲ್ಲವೆ? ಎಲ್ಲರ ಹೆಸರನ್ನೂ ಕೊರೆದು, ತನ್ನದನ್ನು ಬಿಟ್ಟು, ಅವನು ಉಳಿಯನ್ನು ಕೆಳಗಿಡುತ್ತಾನೆ.

ಪಂಚಕಲ್ಯಾಣದ ವಿಧಿಯಲ್ಲಿ ನೇತ್ರೋನ್ಮೀಲನದ ಕ್ಷಣವೊಂದು ಬರುತ್ತದೆ. ಪ್ರತಿಷ್ಠಾಚಾರ್ಯರು ಬಂಗಾರದ ಶಲಾಕೆಯನ್ನು ಹಿಡಿಯುತ್ತಾರೆ, ಮಂತ್ರಘೋಷ ಏರುತ್ತದೆ, ಅಲ್ಲಿಯವರೆಗೆ ಶಿಲೆಯಾಗಿದ್ದುದು ಪೂಜ್ಯ ಬಿಂಬವಾಗುತ್ತದೆ. ಆ ಬಿಂಬದ ಪ್ರತಿಯೊಂದು ಅಂಗುಲವನ್ನೂ ಬೆರಳಿನಿಂದ ತಡವಿ ಬಲ್ಲವನು ಆಗ ಜನರ ಹಿಂದೆ ಎಲ್ಲೋ ಕೈಮುಗಿದು ನಿಂತಿರುತ್ತಾನೆ. ಆ ಕ್ಷಣದ ಅನಂತರ ಅದನ್ನು ಮುಟ್ಟುವ ಅಧಿಕಾರ ಅವನಿಗಿಲ್ಲ. ತಾನು ಮಾಡಿದುದನ್ನು ತನ್ನದೆನ್ನದೆ ಬಿಟ್ಟು ಹೋಗುವುದು ಅವನ ಕಸುಬಿನ ಧರ್ಮ. ಅಪರಿಗ್ರಹವನ್ನು ಕುರಿತು ಬಹಳ ಕೇಳಿದವರಿಗೆ ಅದರ ಒಂದು ಪಾಠ ಅಲ್ಲಿಯೂ ಸಿಗುತ್ತದೆ.

ಈ ಮಹೋತ್ಸವದಲ್ಲಿ ಬಿಂಬದ ದರ್ಶನ ಮಾಡಿ ಹಿಂತಿರುಗುವ ಪ್ರತಿಯೊಬ್ಬರೂ ಹೆಬ್ಬಾಗಿಲಿನ ಬಳಿ ಒಂದು ಕ್ಷಣ ನಿಂತು, ಹಿಂದೆ ನಿಂತಿರುವ ಆ ಶಿಲ್ಪಿಗಳನ್ನು ಮಾತನಾಡಿಸಲಿ. ಅವರ ಹೆಸರು, ಊರು, ಕ್ಷೇಮಗಳನ್ನು ವಿಚಾರಿಸಲಿ. ಮಾಡಿಸಿದವರ ಪುಣ್ಯ ಬೆಳೆಯಲಿ. ಮಾಡಿದವರ ಉಸಿರು, ಉಳಿ, ಅನ್ನ ಮೂರೂ ಸುರಕ್ಷಿತವಾಗಿರಲಿ. ಸಕಲರಿಗೂ ಸನ್ಮಂಗಳವಾಗಲಿ.